ಹರಿಗೋಲಿನಡಿಯ ಅಧ್ಯಕ್ಷರು

ಪೇಟೆಯ ಅಕ್ಕಿ ಗಿರಣಿ ಇನ್ನೂ ಕತ್ತಲಿರುವಾಗಲೇ ಡುಕ್‌ಡುಕ್ ಎನ್ನಲು ಶುರುಮಾಡಿತ್ತು. ಆ ಸದ್ದಿಗೆ ಎದ್ದ ಅಂಬುಜಮ್ಮ ಹನ್ನೊಂದು ಮಂದಿಗೆ ಪುಳಿಯೋಗರೆ ಕಲಸಿ ಮುಗಿಸುವ ಹೊತ್ತಿಗೆ ಹೊಳೆನರಸೀಪುರಕ್ಕೆ ಬೆಳಗಾಯಿತು. ಅವಳಿಗೆ ಮಾತ್ರ ಆಗಲೇ ಸಂಜೆಯಾದ ಹಾಗಿತ್ತು.

“ಇವತ್ತು ಹೇಮಾವತಿಯನ್ನ ಗೆದ್ದೇ ಬರೋದು!” ಎಂದು ಗಂಡ ತಿರುನಾರಾಯಣ ಪಂಚೆ ಎತ್ತಿ ಕಟ್ಟಿದರು.

ಅವರು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಭೂಗೋಳ ಹೇಳಿಕೊಡುತ್ತಿದ್ದವರು. ಹೋದ ತಿಂಗಳಿನಿಂದ, ಅಂದರೆ ಐವತ್ತೆಂಟನೇ ಇಸವಿಯ ನವೆಂಬರಿನಿಂದ, ನೌಕಾವಿಹಾರ ಸಂಘದ ಸಂಸ್ಥಾಪಕ ಅಧ್ಯಕ್ಷರು ಕೂಡ. ಈಜು ಬಾರದು. ಮೊದಲ ವಿಹಾರ ಹೊಸಬರಿಗಾಗಿ ಎಂದು ನೋಟೀಸು ಹಚ್ಚಿದ್ದರು. ಹಳಬರು ಯಾರೂ ಇರಲಿಲ್ಲ.

“ನಾಲ್ಕೂವರೆಗೆ ಬಸ್ಸು ರೀ.”

“ಹನ್ನೆರಡಕ್ಕೆಲ್ಲ ವಾಪಸ್ಸು! ಮಹಿಳಾ ಸದಸ್ಯೆಯೇ ಇಲ್ಲದ ಸಂಘ ಒಂದು ಸಂಘವೇ?”

ನಾಳೆ ಹತ್ತು ಗಂಟೆಗೆ ಅಂಬುಜಮ್ಮ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಹಾಜರಾಗಬೇಕಿತ್ತು. ಆಗದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಉಳಿಯಲು ಚಿಕ್ಕಮ್ಮನ ಮನೆಯಿತ್ತು. ಅತ್ತೆಯನ್ನು ಒಪ್ಪಿಸಲು ಮೂರು ತಿಂಗಳು ಹಿಡಿದಿತ್ತು. ಗಂಡ ಒಪ್ಪಿದ್ದು ಈ ವಿಹಾರಕ್ಕೆ ಬರುವ ಷರತ್ತಿನ ಮೇಲೆ.

ಹೊಳೆಯ ಹತ್ತಿರ ಉಳಿದ ಒಂಬತ್ತು ಮಂದಿ ಸದಸ್ಯರ ಪೈಕಿ ಬಂದಿದ್ದವರು ಒಬ್ಬರೇ, ಅಂಚೆ ಕಚೇರಿಯ ನಂಜುಂಡಯ್ಯ. ಅವರೂ ಕೊಡೆ ಹಿಡಿದು ಬಂದಿದ್ದರು. ಅಂಬಿಗರ ತಮ್ಮಯ್ಯ ಹರಿಗೋಲನ್ನು ನೀರಿಗಿಳಿಸಿ, ಹುಟ್ಟನ್ನು ಅಧ್ಯಕ್ಷರ ಕೈಗೆ ಕೊಟ್ಟ.

“ನಾನೂ ಬತ್ತೀನಿ ಸಾ.”

“ಬೇಡಪ್ಪ. ನೀನು ಬಂದರೆ ನಾವು ಕಲಿಯೋದು ಯಾವಾಗ?”

“ವಾಪಸ್ ಎಂಗ್ ಬತ್ತೀರ?”

“ಹೋದ ಹಾಗೇ!”

ತಮ್ಮಯ್ಯ ಹೊಳೆಯನ್ನು ನೋಡಿದ, ಅಂಬುಜಮ್ಮನನ್ನು ನೋಡಿದ. “ಆಗ್ಲಿ ಬುಡಿ. ಸಂಜೀಕೆ ಆಚೆ ದಡದೋರು ಕಾಯ್ತಾರೆ, ಅಷ್ಟೊತ್ಗೆ ತಂದುಕೊಟ್ಬುಡಿ.”

“ಮಾತು ಕೊಟ್ಟಿದ್ದೀನಿ!”

ಹರಿಗೋಲು ಗುಂಡಗಿರುತ್ತದೆ, ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಅಧ್ಯಕ್ಷರು ಹುಟ್ಟು ಹಾಕಿದ್ದೇ ತಡ, ಅದು ಬುಗುರಿಯಾಯಿತು.

“ನಂಜುಂಡಯ್ಯ, ಬಲಕ್ಕೆ ವಾಲಿ!”

“ಯಾವ ಬಲ ಸಾರ್? ಈಗಿನದೋ, ಆಗಿನದೋ?”

ದೇವಸ್ಥಾನದ ಗೋಪುರ ಅಂಬುಜಮ್ಮನ ಮುಂದೆ ಒಂಬತ್ತು ಸಲ ಹಾದುಹೋಯಿತು. ದೇವರಿಂದಲೇ ಪ್ರದಕ್ಷಿಣೆ ಹಾಕಿಸಿಕೊಂಡ ಪಾಪ ಎಲ್ಲಿ ತಟ್ಟುವುದೋ ಎಂದು ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಗೋಪುರವೇ ಇರಲಿಲ್ಲ. ಎರಡೂ ದಡದಲ್ಲಿ ಜೊಂಡು, ನೀರಿನ ಮೇಲೆ ಚೂರುಚೂರು ಬಿಸಿಲು. ಸುತ್ತುತ್ತ ಸುತ್ತುತ್ತ ನಾಲ್ಕು ಮೈಲಿ ಕೆಳಗೆ ಬಂದಿದ್ದರು. ಅಧ್ಯಕ್ಷರು ಇದನ್ನು ಪ್ರಗತಿ ಎಂದು ಕರೆದು ಪುಳಿಯೋಗರೆ ಬಡಿಸಲು ಹೇಳಿದರು. ಹನ್ನೊಂದು ಜನರದ್ದರಲ್ಲಿ ಇಬ್ಬರು ಗಂಡಸರು ಎಷ್ಟು ತಿನ್ನಬಹುದೋ ಅಷ್ಟನ್ನೂ ತಿಂದರು.

ಆಮೇಲೆ ಹಿಂದಿರುಗುವ ಕೆಲಸ ಶುರುವಾಯಿತು. ಒಂದೂವರೆ ಗಂಟೆ ಹುಟ್ಟು ಹಾಕಿದ ಮೇಲೂ ದಡದ ಅದೇ ಹೊಂಗೆ ಮರ ಅಲ್ಲೇ ನಿಂತಿತ್ತು. ಬಟ್ಟೆ ಒಗೆಯುತ್ತಿದ್ದ ಮುದ್ದಮ್ಮ ಎಂಬ ಮುದುಕಿ ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದಳು:

“ಯಾಕ್ ಸಾ ನೀರ್ಗೆ ಅಂಗ್ ಒಡೀತೀರ? ಅದೇನ್ ಮಾಡ್ತು ನಿಮ್ಗೆ?”

“ಊರಿಗೆ ಹೋಗಬೇಕಮ್ಮ!”

“ಅರಗೋಲು ಮ್ಯಾಕೆ ಓಗಾಕಿಲ್ಲ ಕಣಪ್ಪ. ನಮ್ಮೋರು ವತ್ತಾರೆ ಅದ್ನ ಮ್ಯಾಲಕ್ಕೆ ಒತ್ಕಂಡೋಗಿ, ಆಮ್ಯಾಕೆ ಕುಂತ್ಕಂಡ್ ಬತ್ತಾರೆ. ನೀವು ಮೊದ್ಲೇ ಕುಂತ್ಬುಟ್ರಲ್ಲ!”

ಹೇಮಾವತಿಯ ಉಗಮವನ್ನೂ ಸಂಗಮವನ್ನೂ ಹದಿನಾಲ್ಕು ವರ್ಷ ನಕ್ಷೆಯ ಮೇಲೆ ಬೆತ್ತ ಇಟ್ಟು ತೋರಿಸಿದ್ದವರು ಹುಟ್ಟನ್ನು ಮೆಲ್ಲಗೆ ಒಳಗಿಟ್ಟರು. ಅಂಬುಜಮ್ಮನಿಗೆ ನಗು ಬರಬೇಕಿತ್ತು. ನಗುವಷ್ಟು ತ್ರಾಣ ಇರಲಿಲ್ಲ.

“ಬಸ್ಸು ರೀ...”

“ತಮ್ಮಯ್ಯನಿಗೆ ಮಾತು ಕೊಟ್ಟಿದ್ದೀನಲ್ಲ ಅಂಬುಜ! ಬಸ್ಸಿಗೇನು, ನಾಳೆಯೂ ಇರುತ್ತೆ.”

“ನಾಳೆಯ ಮೊದಲ ಬಸ್ಸು ಹನ್ನೊಂದಕ್ಕೆ.”

ಅಧ್ಯಕ್ಷರು ಹರಿಗೋಲನ್ನು ದಡಕ್ಕೆ ಎಳೆದರು. ನಂಜುಂಡಯ್ಯನವರೊಡನೆ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತರು. ಹಣೆಯ ನಾಮ ಹರಿಗೋಲಿಗೆ ಹೊದಿಸಿದ ಎಮ್ಮೆ ಚರ್ಮದ ಅಡಿಯಲ್ಲಿ ಮರೆಯಾಯಿತು. ನಾಲ್ಕು ಕಾಲುಗಳಷ್ಟೇ ಹೊರಗುಳಿದವು. ಆ ಆಮೆ ಹೊಲದ ದಾರಿಯಲ್ಲಿ ಊರ ಕಡೆ ತೆವಳಿತು. ಖಾಲಿ ಪಾತ್ರೆ, ಕೊಡೆ, ಹುಟ್ಟು, ಎರಡು ಜೊತೆ ಚಪ್ಪಲಿ ಎಲ್ಲವನ್ನೂ ಹೊತ್ತು ಅಂಬುಜಮ್ಮ ಪಕ್ಕದಲ್ಲಿ ನಡೆದಳು.

ಒಂದು ಮೈಲಿಯ ಮೇಲೆ ದಾರಿ ಚನ್ನರಾಯಪಟ್ಟಣದ ರಸ್ತೆಯನ್ನು ದಾಟುತ್ತಿತ್ತು. ಅಲ್ಲಿ ನಿಂತು ಅವಳು ಊರ ಕಡೆ ನೋಡಿದಳು. ದೂರದಲ್ಲಿ ಕೆಂಪು ಧೂಳೆದ್ದಿತ್ತು. ಬಸ್ಸು ಊರು ಬಿಟ್ಟು ಇತ್ತಲೇ ಬರುತ್ತಿತ್ತು. ಟ್ರಂಕು ಮನೆಯಲ್ಲೇ ಉಳಿದಿದೆ, ಉಟ್ಟ ಸೀರೆಯ ಅಂಚು ಒದ್ದೆ. ಆದರೆ ಶಾಲೆಯವರು ನಾಳೆ ನೋಡುವುದು ಟ್ರಂಕನ್ನಲ್ಲ.

“ರೀ, ನಾನು ಇಲ್ಲಿಂದಲೇ ಹೊರಡ್ತೀನಿ. ಟ್ರಂಕನ್ನ ನಾಳೆ...”

“ಮೊದಲು ಪೂರ್ತಿ ಕೇಳು!” ಹರಿಗೋಲಿನೊಳಗೆ ಅವರ ದನಿ ಗುಂಯ್‌ಗುಟ್ಟುತ್ತಿತ್ತು. “ಈ ಅನುಭವದಿಂದ ಸಂಘಕ್ಕೆ ಮೂರು ಲಾಭ. ಒಂದು...”

“ರೀ, ಬಸ್ಸು ಬಂತು.”

“ನಡುವೆ ಬಾಯಿ ಹಾಕಬೇಡ! ಒಂದು, ಭುಜಕ್ಕೆ ವ್ಯಾಯಾಮ.”

ಅವಳು ಸಾಮಾನನ್ನೆಲ್ಲ ರಸ್ತೆಯ ಪಕ್ಕ ಇಳಿಸಿ ಕೈ ಎತ್ತಿದಳು. ಬಸ್ಸು ನಿಂತಿತು, ಅವಳು ಹತ್ತಿದಳು. ನಾಲ್ಕು ಕಾಲುಗಳು ರಸ್ತೆ ದಾಟಿ ಮುಂದೆ ಹೋಗುತ್ತಲೇ ಇದ್ದವು.

“ಎರಡು, ಶಿಸ್ತು. ಮೂರನೆಯದೇ ಮುಖ್ಯ ಅಂಬುಜ, ಮುಂದಿನ ಭಾನುವಾರ ನೀನು ಬರಲೇಬೇಕು, ಯಾಕೆ ಅಂದರೆ ಈ ಸಂಘದಲ್ಲಿ ನನ್ನ ಮಾತನ್ನ ಇಷ್ಟು ತಾಳ್ಮೆಯಿಂದ ಕೇಳೋರು ನಿನ್ನ ಬಿಟ್ಟರೆ ಇನ್ನು ಯಾರೂ ಇಲ್ಲ!”