ಭಾವನವರೂ ನಾಲ್ಕು ಬಗೆಯ ಅಡಿಪಾಯವೂ

ನನ್ನ ತಂಗಿಯ ಗಂಡ, ಅಂದರೆ ನಮ್ಮ ಭಾವನವರು, ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಯವರನ್ನಲ್ಲ, ಮನೆಯ ಬುಡವನ್ನು! ಚಪ್ಪಲಿ ಬಿಡುವ ಮೊದಲೇ ಬಗ್ಗಿ, ಕೀಲಿಕೈಯಿಂದ ಅಡಿಪಾಯಕ್ಕೆ ಕುಟ್ಟಿ, ಕಿವಿಯಿಟ್ಟು ಕೇಳುತ್ತಾರೆ. ಡಾಕ್ಟರರು ರೋಗಿಯ ಎದೆಗೂ ಅಷ್ಟು ಹೊತ್ತು ಕಿವಿ ಕೊಡುವುದಿಲ್ಲ.

ಮೂಡುಬಿದಿರೆಯಲ್ಲಿ ಒಂದು ಗೃಹಪ್ರವೇಶ. ಎಲ್ಲರೂ ಕತ್ತೆತ್ತಿ ಸೀಲಿಂಗಿನ ದೀಪ ಹೊಗಳುತ್ತಿದ್ದಾಗ ಹಿತ್ತಿಲಿನಿಂದ ಇವರ ಕೂಗು: "ಕೆಳಗೂ ಕೆಂಪುಕಲ್ಲೇ ಹಾಕಿದ್ದಾ? ಮಾಡಿನ ನೀರು ಬುಡಕ್ಕೇ ಬೀಳ್ತದಲ್ಲ ಮಾರಾಯ್ರೆ! ಒಣಗಿರುವಷ್ಟು ದಿನ ಇದು ಗಟ್ಟಿ. ನೆನೆದರೆ ಮುಗಿಯಿತು!" ಯಜಮಾನರ ಕೈಯಲ್ಲಿದ್ದ ಪಾಯಸದ ಸೌಟು ಅಲ್ಲೇ ನಿಂತಿತು. ಮೋಡ ಕಂಡರೆ ಆ ಮನೆಯವರು ಈಗಲೂ ಗೋಡೆ ಮುಟ್ಟಿ ನೋಡುತ್ತಾರಂತೆ.

ಬಂಟ್ವಾಳದ ನೆಂಟರೊಬ್ಬರು ಜಾಣರು. "ನಮ್ಮದು ಪಿಲ್ಲರ್. ಏನೂ ಆಗುವುದಿಲ್ಲ" ಎಂದು ಗೇಟಿನಲ್ಲೇ ತಡೆದರು.

"ಪಿಲ್ಲರಿಗೆ ಏನೂ ಆಗುವುದಿಲ್ಲ" ಎಂದರು ಭಾವ. "ಅದು ನೆಟ್ಟಗೆ ಕೆಳಗೆ ಹೋಗ್ತದೆ, ಅಷ್ಟೇ. ಗಟ್ಟಿ ನೆಲ ಸಿಕ್ಕುವವರೆಗೆ ಅಗೆದಿದ್ದೀರಾ?"

ಅಂದು ನಮಗೆ ಚಹಾ ಸಿಕ್ಕಲಿಲ್ಲ.

ಇಂಥವರು ಕಕ್ಕಿಂಜೆಯ ಬಳಿ ಗುಡ್ಡದ ಬುಡದಲ್ಲಿ ಹತ್ತು ಸೆಂಟ್ಸ್ ಜಾಗ ತೆಗೆದುಕೊಂಡರೆ ಏನಾಗಬೇಕು? ಎರಡು ವರ್ಷ ಒಂದು ಕಲ್ಲೂ ಇಡಲಿಲ್ಲ! ತಂಗಿ ಬೆಳ್ತಂಗಡಿಯ ಬಾಡಿಗೆ ಮನೆಯಲ್ಲಿ ಕಾದೇ ಕಾದಳು. ನನಗೋ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು. ಒಂದು ಭಾನುವಾರ ಸ್ಕೇಲ್ ಹಿಡಿದು ಕಾಗದದಲ್ಲಿ ಗೆರೆ ಎಳೆದೆ. ಕೆಂಪುಕಲ್ಲು: ಕೆಲಸ ಸುಲಭ, ನೀರಿಗೆ ಆಗದು. ಕಾಡುಕಲ್ಲು: ನೀರಿಗೆ ಜಗ್ಗದು, ಅಡಿಯಲ್ಲಿ ಗಟ್ಟಿ ನೆಲ ಬೇಕು. ಪಿಲ್ಲರ್: ಮಣ್ಣು ತುಂಬಿಸಿದ ಜಾಗಕ್ಕೂ ಆಗುತ್ತದೆ, ಆಳಕ್ಕೆ ಇಳಿಯಬೇಕು. ಇಡೀ ಮನೆಯ ಕೆಳಗೆ ಒಂದೇ ಕಾಂಕ್ರೀಟ್ ಹಾಸು: ಮೆತ್ತನೆಯ ನೆಲದಲ್ಲೂ ನಿಲ್ಲುತ್ತದೆ, ಖರ್ಚು ಹೆಚ್ಚು.

"ಒಂದಕ್ಕೆ ಟಿಕ್ ಹಾಕಿ ಭಾವಾ" ಎಂದೆ.

ಅವರು ಪೆನ್ನು ತೆಗೆದುಕೊಂಡು, ಬದಿಯಲ್ಲಿ 'ಹೆದರಿಕೆ' ಎಂಬ ಹೊಸ ಕಾಲಂ ಎಳೆದು, ನಾಲ್ಕಕ್ಕೂ ಟಿಕ್ ಹಾಕಿದರು!

ನಾನು ಬಿಡಲಿಲ್ಲ. ಸೈಟಿನ ಅರ್ಧ ಗುಡ್ಡ ಕಡಿದದ್ದು, ಉಳಿದರ್ಧ ಅದೇ ಮಣ್ಣು ತುಂಬಿಸಿದ್ದು. ಹಾಗಾಗಿ ಪಿಲ್ಲರೇ ಸರಿ ಎಂದು ನಾನೇ ತೀರ್ಮಾನಿಸಿ, ಮೇಸ್ತ್ರಿಯನ್ನು ಸೋಮವಾರ ಏಳು ಗಂಟೆಗೆ ಗೊತ್ತುಮಾಡಿದೆ. "ಮಳೆಗಾಲಕ್ಕೆ ಇನ್ನೂ ದಿನ ಉಂಟು" ಎಂದು ಭಾವನ ಬಾಯಿ ಮುಚ್ಚಿಸಿದ್ದೂ ನಾನೇ. ಗುಂಡಿ ತೋಡಿ ಆಯಿತು. ಮೂರನೇ ದಿನವೇ ಮಳೆ ಸುರಿದು ಕೆಲಸ ನಿಂತಿತು.

ಮರುದಿನ ಬೆಳಿಗ್ಗೆ ಇಬ್ಬರೂ ನೋಡಲು ಹೋದೆವು. ನಾನು ಟೇಪು ಹಿಡಿದು ಗುಂಡಿಗೆ ಇಳಿದೆ. ಭಾವ ಮೇಲೆ ನಿಂತು ಕಡಿದ ಗುಡ್ಡವನ್ನೇ ನೋಡುತ್ತಿದ್ದರು.

"ಭಾವಾ, ಮೇಲೆ ಬನ್ನಿ" ಎಂದು ನನ್ನನ್ನು ಕರೆದರು.

"ಒಂದು ನಿಮಿಷ, ಅಳತೆ..."

"ಬನ್ನಿ ಅಂತ ಹೇಳಿದ್ದಲ್ವಾ!"

ಅಂಗಿಯ ಕಾಲರ್ ಹಿಡಿದು ಎಳೆದರು. ನಾವು ರಸ್ತೆ ಮುಟ್ಟುವಷ್ಟರಲ್ಲಿ ಹಿಂದೆ ಲಾರಿಯಿಂದ ಕಲ್ಲು ಸುರಿದಂಥ ಸದ್ದು. ತಿರುಗಿ ನೋಡಿದರೆ ಗುಡ್ಡ ಜರಿದು, ನಾನು ನಿಂತಿದ್ದ ಗುಂಡಿಯೇ ಇಲ್ಲ. ಟೇಪಿನ ಹಳದಿ ತುದಿಯೊಂದು ಕೆಂಪು ಮಣ್ಣಿನಿಂದ ಹೊರಗೆ ಕಾಣುತ್ತಿತ್ತು. ರಸ್ತೆಯ ಬದಿಯಲ್ಲೇ ಕುಳಿತುಬಿಟ್ಟೆ. ನಾನು ಬರೆದ ಕಾಗದದಲ್ಲಿ ಕಾಲಡಿಯದ್ದೆಲ್ಲ ಇತ್ತು, ತಲೆಯ ಮೇಲಿನದ್ದು ಇರಲಿಲ್ಲ.

ಈಗ ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಬೆನ್ನಿನ ಮಣ್ಣು ಕೊಡವುತ್ತಾ ಮೆಲ್ಲಗೆ ಹೇಳಿದರು: "ಅವಳಿಗೆ ಹೇಳುವುದು ಬೇಡ, ಆಯ್ತಾ? ಬೇರೆ ಜಾಗ ನೋಡುವ."

"ಎರಡು ವರ್ಷದಿಂದ ಅವಳಿಗೆ ಏನು ಹೇಳುತ್ತಾ ಇದ್ದಿರಿ?"

"ಮೇಸ್ತ್ರಿ ಕೈಕೊಟ್ಟ ಅಂತ. ಜಾಗ ಅವಳೇ ಮೆಚ್ಚಿ ತೆಗೆದದ್ದಲ್ವಾ? ಗುಡ್ಡದ ಸಂಗತಿ ಹೇಗೆ ಹೇಳಲಿ? ಸೋಮಾರಿ ಅಂತ ಬೈತಾಳೆ, ಬೈಯಲಿ. ಮನೆಯಲ್ಲಿ ಒಬ್ಬ ಹೆದರಿದರೆ ಸಾಕು."

ಊರಿಗೆಲ್ಲ ಹೆದರಿಕೆ ಹಂಚಿದ ಮನುಷ್ಯ ತನ್ನ ಮನೆಗೆ ಅದನ್ನು ಒಂದು ಚೂರೂ ಒಯ್ದಿರಲಿಲ್ಲ!

ಬೆಳ್ತಂಗಡಿಗೆ ಬಂದಾಗ ತಂಗಿ ಬಾಗಿಲಲ್ಲೇ ಕೇಳಿದಳು, "ಕೆಲಸ ಎಲ್ಲಿಗೆ ಮುಟ್ಟಿತು ಅಣ್ಣಾ?"

ಭಾವ ನೆಲ ನೋಡುತ್ತಿದ್ದರು. "ಮೇಸ್ತ್ರಿ ಕೈಕೊಟ್ಟ" ಎಂದೆ.

"ನೀನೂ ಇವರ ಹಾಗೆಯೇ ಆದೆಯಾ?" ಎಂದು ಸಿಡುಕಿದಳು.

ಹೌದು ಎಂದೆ.