ಮಾವ ಕಾದಂಬರಿ ಆರಿಸಿದ್ದು

ನನ್ನ ಸೋದರಮಾವ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ಮೊದಲೇ ಒಪ್ಪಿಗೆ ಕೊಟ್ಟುಬಿಟ್ಟಿದ್ದರಂತೆ. ಅದೇ ಮನುಷ್ಯ ಹೈಸ್ಕೂಲು ಮಕ್ಕಳಿಗೆ ಒಂದು ಕಾದಂಬರಿ ಆರಿಸಲು ಇಡೀ ಬೇಸಿಗೆ ರಜೆ ತೆಗೆದುಕೊಂಡರು!

"ನನ್ನನ್ನ ಆರಿಸುವಾಗ ಇದರಲ್ಲಿ ಕಾಲು ಭಾಗ ಯೋಚನೆ ಮಾಡಿದ್ರೂ ಸಾಕಿತ್ತು" ಎಂದು ಅತ್ತೆ ಅಡಿಗೆಮನೆಯಿಂದ ಕೂಗುತ್ತಿದ್ದರು.

"ನಿನ್ನನ್ನ ಮಕ್ಕಳಿಗೆ ಪಾಠ ಮಾಡೋ ಹಾಗಿರಲಿಲ್ಲವಲ್ಲೇ!" ಎಂದು ಮಾವ ಪುಸ್ತಕದಿಂದ ತಲೆ ಎತ್ತದೆ ಉತ್ತರ ಕೊಡುತ್ತಿದ್ದರು.

ಐವತ್ತರ ದಶಕದ ಕೊನೆಯ ಮದರಾಸು ಅದು. ಮಾವ ಮೈಲಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ನಾನು ಅವರ ಮನೆಯಲ್ಲಿದ್ದುಕೊಂಡು ಅವರ ಕ್ಲಾಸಿನಲ್ಲೇ ಓದುತ್ತಿದ್ದೆ. ಕ್ಲಾಸೆಂದರೆ ಎಷ್ಟು ದೊಡ್ಡದು ಅಂದುಕೊಂಡಿರಿ? ಒತ್ತಿ ಕೂರಿಸಿದರೆ ಎರಡು ಜಟಕಾಗಾಡಿಗೆ ಸಾಕು. ರೈಲ್ವೆ, ಬ್ಯಾಂಕು, ವಿಮಾ ಕಂಪೆನಿ ಎಂದು ಊರು ಬಿಟ್ಟು ಬಂದವರ ಮಕ್ಕಳು. ಎಲ್ಲರಿಗೂ ಕನ್ನಡ ಅರ್ಥವಾಗುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಮಾತ್ರ ತಮಿಳು. "ಪಾಠ ಓದಿದೆಯೇನಮ್ಮ?" ಎಂದು ಮಾವ ಕೇಳಿದರೆ "ಪಡಿಚ್ಚೇನ್ ಸಾರ್" ಎಂಬ ಉತ್ತರ! ಅವರ ಮುಖ ನೋಡಬೇಕಿತ್ತು ನೀವು, ಕಾಫಿ ಎಂದುಕೊಂಡು ಕಷಾಯ ಕುಡಿದವರ ಹಾಗೆ.

ಆ ವರ್ಷ ಹೆಡ್‌ಮಾಸ್ಟರು ಕನ್ನಡ ವಿಭಾಗಕ್ಕೆ ಒಂದು ಸ್ವಾತಂತ್ರ್ಯ ಕೊಟ್ಟರು. ಉಪಪಾಠಕ್ಕೆ ಹಳೆಯ ಕಥಾಸಂಗ್ರಹವೇ ಬೇಕಿಲ್ಲ, ಈಗಿನ ಕಾಲದ ಒಂದು ಕಾದಂಬರಿ ಇಟ್ಟುಕೊಳ್ಳಬಹುದು. ಅಂದಿನಿಂದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಾವ ಊಟಕ್ಕೆ ಕೂತರೂ ಕಾದಂಬರಿ, ಬಸ್ಸಿನಲ್ಲೂ ಕಾದಂಬರಿ. ಅಡ್ಯಾರಿಗೆಂದು ಹೊರಟವರು ಬಸ್ಸಿನಿಂದ ಇಳಿಯದೆ ಹೊರಟಲ್ಲಿಗೇ ವಾಪಸು ಬಂದದ್ದುಂಟು.

ತಿರಸ್ಕರಿಸಲು ಅವರಿಗೆ ಕಾರಣಗಳೇನು ಕಡಿಮೆಯೆ? ಒಂದರ ನಾಯಕ ಮೊದಲಿನಿಂದ ಕೊನೆಯವರೆಗೆ ಊಟವನ್ನೇ ಮಾಡಲಿಲ್ಲ, "ಹೊಟ್ಟೆಗಿಲ್ಲದೆ ಇಷ್ಟೊಂದು ಪ್ರೇಮ ಹೇಗೆ ಸಾಧ್ಯ?" ಇನ್ನೊಂದರಲ್ಲಿ ಬೆಳದಿಂಗಳ ವರ್ಣನೆ, "ಇದು ಮುಗಿಯೋ ಹೊತ್ತಿಗೆ ಪಬ್ಲಿಕ್ ಪರೀಕ್ಷೆ ಬಂದುಬಿಡುತ್ತೆ." ಮತ್ತೊಂದರಲ್ಲಿ ಕೆಮ್ಮಿದವರೆಲ್ಲ ಸತ್ತರು. ನೆಗಡಿಯಾದ ಮಕ್ಕಳು ಹೆದರಿಕೊಳ್ಳುತ್ತಾರೆಂದು ಅದೂ ಬೇಡವಾಯಿತು!

ಕೊನೆಯ ಪರೀಕ್ಷೆ ಮಾಡುತ್ತಿದ್ದವರು ಮಹಡಿ ಮನೆಯ ತಮಿಳು ಮಾಮಿ. ಅವರಿಗೆ ಕನ್ನಡ ಬಾರದು. ಮೊಸರಿಗೆ ಹೆಪ್ಪು ಕೇಳಲು ಬಂದರೆ ಸಾಕು, ಮಾವ ಗಟ್ಟಿಯಾಗಿ ಓದತೊಡಗುತ್ತಿದ್ದರು. ಪಾಪ, ಮಾಮಿ ಬಾಗಿಲಲ್ಲೇ ನಿಂತು ನಕ್ಕು ಹೊರಟುಹೋಗುತ್ತಿದ್ದರು. ಪುಸ್ತಕ ಫೇಲು! ಹೀಗಿರುವಾಗ ಒಂದು ಮಧ್ಯಾಹ್ನ ಮಾಮಿ ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಹೊಸ್ತಿಲ ಬಳಿ ಕೂತುಬಿಟ್ಟರು. ಮಾವ ಪುಟ ತಿರುವಲು ನಿಲ್ಲಿಸಿದಾಗ "ಅಪ್ಪುರಂ?" ಎಂದರು. ಆಮೇಲೆ?

ಮಾವ ಕುಣಿಯುವುದೊಂದು ಬಾಕಿ. "ಇದೇ ಪುಸ್ತಕ!"

"ಅವರಿಗೆ ಕನ್ನಡವೇ ಬರಲ್ಲವಲ್ರೀ" ಎಂದರು ಅತ್ತೆ.

"ಅದಕ್ಕೇ ಕಣೇ! ಭಾಷೆ ಬರದೇ ಇರೋರನ್ನ ಕೂರಿಸಿದ ಕಥೆ, ಭಾಷೆ ಬಂದೂ ಬಾಯಿಬಿಡದೇ ಇರೋರನ್ನ ಮಾತಾಡಿಸದೇ ಹೋಗುತ್ತಾ?"

ಅದು ಓದು ಬಿಡಿಸಿ ಮದುವೆ ಮಾಡಿಕೊಟ್ಟ ಒಬ್ಬ ಹುಡುಗಿಯ ಕಥೆ. ಅವಳು ಗಂಡನ ಮನೆಯಿಂದ ಹೊರಟು ಬಂದು, ಮೇಷ್ಟರ ಟ್ರೈನಿಂಗಿಗೆ ಸೇರುತ್ತೇನೆಂದು ತಂದೆಯ ಮುಂದೆ ನಿಲ್ಲುತ್ತಾಳೆ. ಕ್ಲಾಸಿನಲ್ಲಿ ಮಾವ ಎಲ್ಲರ ಪಾತ್ರವನ್ನೂ ತಾವೇ ಮಾಡಿದರು. ಹುಡುಗಿಯ ಅತ್ತೆಯ ಗತ್ತು ತೋರಿಸಲು ಅಂಗವಸ್ತ್ರವನ್ನು ಸೆರಗಿನಂತೆ ಹೊದ್ದರು. ಒಂದು ದಿನ ತಂದೆಯ ಪಾತ್ರ ಮುಗಿಸಿ, ಬೇಕೆಂದೇ ಪುಸ್ತಕ ಮುಚ್ಚಿ, "ತಂದೆ ಹೇಳಿದ್ದು ಸರಿ. ಹುಡುಗಿ ವಾಪಸು ಹೋಗಬೇಕಿತ್ತು" ಎಂದರು.

ವಸುಧಾ ಎದ್ದು ನಿಂತಳು. ವಿಮಾ ಕಂಪೆನಿಯ ಅಧಿಕಾರಿಯ ಮಗಳು. ಕ್ಲಾಸಿನಲ್ಲಿ ಎಂದೂ ಒಂದು ಕನ್ನಡ ಮಾತಾಡದವಳು.

"ಇಲ್ಲ ಸಾರ್! ತಪ್ಪು! ಅವಳು ಯಾಕೆ ಹೋಗಬೇಕು? ನಿನಗೆ ಏನು ಬೇಕು ಅಂತ ಅವಳನ್ನ ಒಂದು ತಡವೆ ಆದ್ರೂ ಕೇಳಿದ್ರಾ? ಒಂದು ಸಲ ಕೇಳಿದ್ರಾ?"

ಮಾತು ಎಡವಿತ್ತು, ತಮಿಳು ಬೆರೆತಿತ್ತು. ಕೆನ್ನೆ ಕೆಂಪಾಗಿತ್ತು. ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಆ ಸಂಜೆ ಮನೆಗೆ ಬಂದವರೇ ಚಪ್ಪಲಿ ಸಮೇತ ಅಡಿಗೆಮನೆಗೆ ನುಗ್ಗಿದರು. "ಬೈದಳು ಕಣೇ! ನನ್ನನ್ನ ಕನ್ನಡದಲ್ಲಿ ಬೈದಳು!"

"ಮೊದಲು ಚಪ್ಪಲಿ ಬಿಟ್ಟು ಬನ್ನಿ" ಎಂದು ಅತ್ತೆಯೂ ಕನ್ನಡದಲ್ಲೇ ಬೈದರು.

ಆದರೆ ಸಂತೋಷ ವಾರವೂ ಉಳಿಯಲಿಲ್ಲ. ವಸುಧಾಳ ತಂದೆ ಹೆಡ್‌ಮಾಸ್ಟರರಿಗೆ ದೂರು ಕೊಟ್ಟರು. ಗಂಡನನ್ನು ಬಿಟ್ಟು ಬಂದವಳ ಕಥೆಯನ್ನು ಬೆಳೆದ ಹೆಣ್ಣುಮಕ್ಕಳಿಗೆ ಓದಿಸುವುದೆ? ಹೆಡ್‌ಮಾಸ್ಟರು ತಮಿಳರಾದರೂ ಅವರಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಮಾವನನ್ನು ಕರೆಸಿ ಸ್ಪಷ್ಟವಾಗಿ ಹೇಳಿದರು: ಪೋಷಕರಿಗೆ ಬೇಡವಾದರೆ ಪುಸ್ತಕ ನಿಲ್ಲುತ್ತದೆ, ಇನ್ನು ಇಬ್ಬರು ಮೂವರು ಮಕ್ಕಳು ತಮಿಳಿಗೆ ಬದಲಾಯಿಸಿಕೊಂಡರೆ ಕನ್ನಡ ವಿಭಾಗವೇ ಮುಚ್ಚುತ್ತದೆ. ವಸುಧಾಳ ತಂದೆಯನ್ನು ಕರೆಸಿ ವಿಚಾರಣೆ ಇಟ್ಟುಕೊಂಡ ಬೆಳಿಗ್ಗೆ ಮಾವ ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಹೊರಟಿದ್ದರು. ಅತ್ತೆ ಬೀದಿಗೆ ಓಡಿ ಬಂದು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದರು.

ವಿಚಾರಣೆಗೆ ವಸುಧಾಳನ್ನೂ, ಕ್ಲಾಸಿನ ಪರವಾಗಿ ನನ್ನನ್ನೂ ಕರೆದಿದ್ದರು.

"ಮನೆಯಲ್ಲಿ ಪೀಸ್ ಇಲ್ಲ ಸ್ವಾಮಿ" ಎಂದು ಶುರುಮಾಡಿದರು ವಸುಧಾಳ ತಂದೆ. "ಊಟಕ್ಕೆ ಕೂತರೆ ಇವಳದ್ದು ಕ್ವೆಶ್ಚನ್ನು. ನಮ್ಮ ತಾಯಿ ಏನೋ ಒಂದು ಹೇಳ್ತಾರೆ, ಇವಳು ಎದುರುತ್ತರ ಕೊಡ್ತಾಳೆ. ನೆನ್ನೆ ಇಬ್ಬರೂ ಆ ಕಾದಂಬರಿ ಹುಡುಗಿ ವಿಷಯಕ್ಕೆ ಕಿತ್ತಾಡ್ತಾ ಕೂತು, ಒಲೆ ಮೇಲಿದ್ದ ಅನ್ನ ಸೀದುಹೋಯ್ತು!"

ಮಾವ ನಿಧಾನವಾಗಿ ಕೇಳಿದರು. "ಕ್ಷಮಿಸಬೇಕು. ಯಾವ ಭಾಷೆಯಲ್ಲಿ ಕಿತ್ತಾಡಿದರು?"

"ಯಾವ ಭಾಷೆ ಅಂದ್ರೆ? ನಮ್ಮ ತಾಯಿಗೆ ಕನ್ನಡ ಬಿಟ್ಟು ಬೇರೆ..." ಎಂದವರ ಮಾತು ಅಲ್ಲೇ ತುಂಡಾಯಿತು. ಮಗಳ ಕಡೆ ತಿರುಗಿದರು. ಆಮೇಲೆ ಅವರ ದನಿ ಬೇರೆಯಾಗಿತ್ತು. "ಊರಿಂದ ಕರ್ಕೊಂಡು ಬಂದ ಮೇಲೆ ಅಮ್ಮ ಮೂಲೆಯಲ್ಲಿ ಕೂತಿರ್ತಾರೆ. ಇವಳು ಹತ್ತಿರ ಹೋಗ್ತಾನೇ ಇರಲಿಲ್ಲ. ನಾನು ಆಫೀಸಿಂದ ಬರೋ ಹೊತ್ತಿಗೆ ಮಲಗಿರೋರು. ನೆನ್ನೆ ಎದ್ದು ಕೂತು ಕೈ ಬೀಸಿಕೊಂಡು ಮಾತಾಡ್ತಾ ಇದ್ದರು."

ಹೆಡ್‌ಮಾಸ್ಟರು ಕೆಮ್ಮಿದರು. "ಹಾಗಾದರೆ ನಿಮ್ಮ ಕಂಪ್ಲೇಂಟು ಏನು?"

ವಸುಧಾಳ ತಂದೆ ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಇಟ್ಟುಕೊಂಡರು. "ಏನಿಲ್ಲ. ಪುಸ್ತಕ ನಡೀಲಿ" ಎಂದು ಎದ್ದುಹೋದರು.

ಮರುದಿನದ ಕ್ಲಾಸಿಗೆ ಮಾವ ಎಂದಿಗಿಂತ ಮೊದಲೇ ಬಂದಿದ್ದರು. ಪುಸ್ತಕ ತೆರೆಯುವಷ್ಟರಲ್ಲಿ ವಸುಧಾ ಎದ್ದಳು.

"ಸಾರ್, ಅಜ್ಜಿ ಒಂದು ವಿಷಯ ಹೇಳಿದ್ರು. ಅಜ್ಜಿಗೂ ಸ್ಕೂಲಿಗೆ ಹೋಗಬೇಕು ಅಂತ ಇತ್ತಂತೆ. ಅಣ್ಣಂದಿರ ಹಿಂದೇನೇ ಹೋಗಿ ಸ್ಕೂಲಿನ ಕಿಟಕಿ ಹತ್ರ ನಿಂತುಕೊಳ್ತಿದ್ರಂತೆ. ಯಾರಿಗೂ ಹೇಳಿಲ್ವಂತೆ. ಯಾಕೆ ಹೇಳಲಿಲ್ಲ ಅಂದ್ರೆ, ಯಾರೂ ಕೇಳಲಿಲ್ಲ ಅಂದ್ರು."

ಮಾವ ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟರು. ತಮ್ಮ ಕುರ್ಚಿಯನ್ನು ಎಳೆದು ತಂದು ಅವಳ ಬೆಂಚಿನ ಪಕ್ಕ ಹಾಕಿಕೊಂಡು ಕೂತರು.

"ಇನ್ನೇನು ಹೇಳಿದರು ಅಜ್ಜಿ? ನಿಧಾನವಾಗಿ ಹೇಳಮ್ಮ" ಎಂದರು.

ಅವಳು ತಡವರಿಸುತ್ತಾ, ಮಾತು ಹುಡುಕುತ್ತಾ ಹೇಳತೊಡಗಿದಳು. ಮಾವ ಮಕ್ಕಳ ಹಾಗೆ ಕೈಕಟ್ಟಿಕೊಂಡು ಕೇಳುತ್ತಾ ಕೂತರು.