ತಣ್ಣಗಿನ ಕಂಪ್ಯೂಟರು

ಕಂಪನಿಯೇ ಜೋಡಿಸಿ ಕೊಡುವ ಕಂಪ್ಯೂಟರ್ ಎಂದರೆ ಕಲ್ಲುಗುಂಡಿಯ ಸಮದನಿಗೆ ಮೈಯೆಲ್ಲ ಉರಿ. "ಮುಚ್ಚಳ ಬಿಚ್ಚಿದ್ರೆ ವಾರಂಟಿ ಹೋಯ್ತು ಅಂತಾರೆ. ನನ್ನ ದುಡ್ಡು, ನನ್ನ ಡಬ್ಬ, ಅವರದ್ದೆಂತ ಕಾರ್ಬಾರು?" ಎಂಬುದು ಅವನ ಘನ ವಾದ. (ಪುತ್ತೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಾನವಾಝ್ ಅವನ ಹೆಂಡತಿಯ ಅಣ್ಣ ಎಂಬುದೂ ಆ ಉರಿಗೆ ಒಂದು ಸಣ್ಣ ಕಾರಣ. ಭಾವನ ಅಂಗಡಿಯಲ್ಲಿ ಕೊಂಡರೆ ಭಾವನ ಉಪದೇಶ ಆಜೀವ ಉಚಿತ.)

ಹೆಂಡತಿ ಶಮೀನಾಳಿಗೆ ವಾದ ಬೇಕಿರಲಿಲ್ಲ, ಕಂಪ್ಯೂಟರ್ ಬೇಕಿತ್ತು. ಬಿಸಿಎ ಮುಗಿಸಿ, ಮದುವೆಯಾಗಿ, ಮಕ್ಕಳ ಹಿಂದೆ ಓಡಿ ಸುಸ್ತಾದ ಮೇಲೆ ಅವಳು ಕೆಲಸಕ್ಕೆ ಅರ್ಜಿ ಹಾಕಿದ್ದು ಇದೇ ಮೊದಲು. ಆನ್‌ಲೈನಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಶಾಲೆಯೊಂದು ಗುರುವಾರ ಬೆಳಿಗ್ಗೆ ಸಂದರ್ಶನಕ್ಕೆ ಕರೆದಿತ್ತು. ಮೊಬೈಲ್ ನಡೆಯುವುದಿಲ್ಲ, ಕಂಪ್ಯೂಟರಿನಲ್ಲೇ ಪಾಠ ಮಾಡಿ ತೋರಿಸಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು.

"ಅಣ್ಣನ ಅಂಗಡಿಯಿಂದ ತಂದ್ರೆ ಇವತ್ತೇ ಅಭ್ಯಾಸ ಶುರು ಮಾಡ್ಬಹುದು," ಎಂದಳು.

"ಬಿಡಿಭಾಗ ತರಿಸಿ ನಾನೇ ಜೋಡಿಸ್ತೇನೆ. ಶಾರ್ಜಾದಲ್ಲಿ ವರ್ಷಗಟ್ಟಲೆ ಏಸಿ ಬಿಚ್ಚಿ ಕಟ್ಟಿದವ ನಾನು. ಇದೊಂದು ಡಬ್ಬ ಎಂತ ದೊಡ್ಡ ವಿಷಯ?"

"ನಾನು ಓದಿದ್ದೇ ಅದನ್ನು. ಜೊತೆಗೆ ಕೂತ್ಕೊಳ್ಲಾ?"

"ನೀನು ನಿನ್ನ ಪಾಠ ನೋಡ್ಕೋ ಮಾರಾಯ್ತಿ."

ಇಲ್ಲಿ ಸಮದನ ಮನೆಯ ಸಂವಿಧಾನದ ಬಗ್ಗೆ ಎರಡು ಮಾತು. ಅದರ ಮೊದಲ ವಿಧಿ: ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ಕನ್ನು ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ. ಸೋಫಾ ಬಂದು ಎಷ್ಟೋ ಕಾಲವಾಗಿದ್ದರೂ ಅವನ ಉಮ್ಮ ಪಾತುಮ್ಮ ಪ್ಲಾಸ್ಟಿಕ್ಕಿನ ಮೇಲೆಯೇ ಕೂರುತ್ತಾರೆ. ಏಳುವಾಗ ಪರ್ರೆಂದು ಸದ್ದಾಗುತ್ತದೆ. ಟೀವಿ ರಿಮೋಟಿನ ಗುಂಡಿಗಳು ಕವರಿನೊಳಗೆ ಮಸುಕಾಗಿ, ಚಾನೆಲ್ ಬದಲಿಸುವುದು ಅದೃಷ್ಟದ ಆಟವಾಗಿದೆ. ಯಾರಾದರೂ ಉಗುರು ಹಾಕಿದರೆ ಸಮದ್ ಕೂಗುತ್ತಾನೆ: "ಪ್ಲಾಸ್ಟಿಕ್ ಹೋದ್ರೆ ಹೊಸತು ಹೋಯ್ತು!"

ಬಿಡಿಭಾಗಗಳು ಬಂದವು. ಸಮದ್ ಕೋಣೆಯ ಬಾಗಿಲು ಹಾಕಿಕೊಂಡು ಜೋಡಿಸಿದ. ಬುಧವಾರ ಸಂಜೆ ಕಂಪ್ಯೂಟರ್ ಬಣ್ಣದ ದೀಪ ಉರಿಸಿಕೊಂಡು ಎದ್ದು ಕುಳಿತಿತು. ಮುಚ್ಚಳ ಹಾಕುವ ಮೊದಲು, ಒಳಗೆ ಫ್ಯಾನಿನ ಕೆಳಗಿದ್ದ ಅಲ್ಯೂಮಿನಿಯಂ ಕೂಲರಿನ ಮೇಲೆ ಹೆಂಡತಿಯ ಕೈ ಇಡಿಸಿ, "ಮುಟ್ಟಿ ನೋಡು, ಹೇಗೆ ತಣ್ಣಗೆ ಉಂಟು! ನಿನ್ನ ಅಣ್ಣನ ಅಂಗಡಿಯಲ್ಲಿ ಸಿಗ್ತದಾ ಇಂಥದ್ದು?" ಎಂದ.

ಐದು ನಿಮಿಷದಲ್ಲಿ ಅದು ಆರಿಹೋಯಿತು.

"ವೋಲ್ಟೇಜ್ ಇಲ್ಲ," ಎಂದ ಸಮದ್. ಮತ್ತೆ ಹಾಕಿದರು, ಮತ್ತೆ ಆರಿತು.

"ಅಣ್ಣನಿಗೆ ಫೋನ್ ಮಾಡ್ಲಾ?"

"ಮಾಡು. ನಾನು ಇನ್ನು ಈ ಮನೆಯಲ್ಲಿ ಚಾ ಕುಡಿಯುದಿಲ್ಲ."

ಶಮೀನಾ ತನ್ನ ಪಾಠದ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಅವಳು ಜಗಳಾಡಿದರೆ ಸಮದನಿಗೆ ಧೈರ್ಯ, ಸುಮ್ಮನಾದರೆ ಭಯ. ಬೆಳಿಗ್ಗೆಯ ಹೊತ್ತು ವೋಲ್ಟೇಜ್ ಚೆನ್ನಾಗಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗುರುವಾರ ಸಂದರ್ಶನ ಶುರುವಾಯಿತು. ಶಮೀನಾ ಒಳ್ಳೆಯ ಶಾಲು ಹೊದ್ದು ಕುಳಿತಿದ್ದಳು. ಸಮದ್ ಬಾಗಿಲ ಹಿಂದೆ ನಿಂತಿದ್ದ. ಪಾಠ: ಕಂಪ್ಯೂಟರಿನ ಒಳಗೆ ಏನೇನಿದೆ. ಅವಳ ದನಿ ಮೊದಲು ನಡುಗಿ, ಆಮೇಲೆ ಗಟ್ಟಿಯಾಗಿ, ಇನ್ನೇನು ಓಟ ಹಿಡಿಯಿತು ಎನ್ನುವಾಗ ಪರದೆ ಕಪ್ಪಾಯಿತು.

"ವೋಲ್ಟೇಜ್..." ಎಂದ ಸಮದ್.

"ಮೇಲೆ ಫ್ಯಾನ್ ತಿರುಗ್ತಾ ಉಂಟಲ್ಲ!" ಶಮೀನಾಳ ಕಣ್ಣು ತುಂಬಿತ್ತು.

"ಅಣ್ಣನಿಗೆ ಫೋನ್ ಮಾಡು," ಎಂದ ಸಮದ್, ಮಾನ ಮರ್ಯಾದೆ ಎಲ್ಲ ಬಿಟ್ಟು.

"ಪುತ್ತೂರಿನಿಂದ ಅವನು ಬರುವಾಗ ಇವರು ಬೇರೆಯವರನ್ನು ತಗೊಳ್ತಾರೆ." ಅವಳು ಮೊಬೈಲಿನಲ್ಲಿ ಶಾಲೆಯವರನ್ನು ಬೇಡಿಕೊಂಡಳು. ಹತ್ತು ನಿಮಿಷ ಕೊಟ್ಟರು. "ಸ್ಕ್ರೂಡ್ರೈವರ್ ಕೊಡಿ."

ಕೊಟ್ಟ. ಅವಳು ಮುಚ್ಚಳ ಬಿಚ್ಚಿ ಕೂಲರನ್ನು ಮುಟ್ಟಿದಳು. "ತಣ್ಣಗೆ ಉಂಟು."

"ನಾನು ಹೇಳ್ಲಿಲ್ವಾ!"

"ಅದೇ ತಪ್ಪು! ಇದು ಇರುದೇ ಕೆಳಗಿನ ಪ್ರೊಸೆಸರಿನ ಬಿಸಿ ಎಳೀಲಿಕ್ಕೆ. ಬಿಸಿ ಮೇಲೆ ಬರ್ತಾ ಇಲ್ಲ. ನಡುವೆ ಎಂತದೋ ಉಂಟು." ಸ್ಕ್ರೂ ಸಡಿಲಿಸಿ ಕೂಲರನ್ನು ಎತ್ತಿದಳು. ಅದರ ಅಡಿಯಲ್ಲಿ, ಕೆಂಪು ಅಕ್ಷರಗಳ ಸಮೇತ, ಪ್ಲಾಸ್ಟಿಕ್ ಹಾಳೆಯೊಂದು ಮಿರಮಿರ ಮಿಂಚುತ್ತಿತ್ತು.

"ಇದರಲ್ಲಿ ಎಂತ ಬರ್ದದ್ದು?" ಎಂದಳು.

"ಜೋಡಿಸುವ ಮೊದಲು ತೆಗೀಬೇಕು ಅಂತ."

"ನೀವು ಓದಿರ್ಲಿಲ್ವಾ?"

"ಓದಿದ್ದೆ," ಎಂದ ಸಮದ್, ಸಣ್ಣ ದನಿಯಲ್ಲಿ. "ಹೊಸತಲ್ವಾ, ಇರ್ಲಿ ಅಂತ..."

ಶಮೀನಾ ಅವನನ್ನು ನೋಡಿದ ನೋಟಕ್ಕೆ ಶಾರ್ಜಾದ ಬಿಸಿಲೂ ಸಾಟಿಯಲ್ಲ. ಹಾಳೆ ಕಿತ್ತು, ಕೂಲರ್ ಕೂರಿಸಿ, ಸ್ವಿಚ್ ಹಾಕಿದಳು. ಪರದೆ ಬೆಳಗಿತು. ಕೊಟ್ಟ ಹತ್ತು ನಿಮಿಷ ಮುಗಿಯುವ ಮೊದಲೇ ಶಾಲೆಯವರ ಮುಖ ಮತ್ತೆ ಮೂಡಿತು.

"ಏನಾಗಿತ್ತಮ್ಮ?" ಎಂದು ಪರದೆಯ ಮೇಲಿನ ಹಿರಿಯರು ಕೇಳಿದಾಗ ಅವಳು ಆ ಹಾಳೆಯನ್ನೇ ಕ್ಯಾಮೆರಾಕ್ಕೆ ಹಿಡಿದು, ಬಿಸಿ ಹೇಗೆ ಹರಿಯಬೇಕು, ಪ್ಲಾಸ್ಟಿಕ್ ಅದನ್ನು ಹೇಗೆ ತಡೆಯಿತು ಎಂದು ವಿವರಿಸಿದಳು.

"ಜೋಡಿಸಿದ್ದು ಯಾರು?"

ಬಾಗಿಲ ಹಿಂದೆ ಸಮದ್ ಇನ್ನಷ್ಟು ಹಿಂದಕ್ಕೆ ಸರಿದ.

"ನಮ್ಮ ಮನೆಯವರು ಸರ್. ಏಸಿ ಕೆಲಸ ಗೊತ್ತುಂಟು ಅವರಿಗೆ."

ಆ ಕಡೆ ಬಿದ್ದು ಬಿದ್ದು ನಕ್ಕರು. ಪಾಠ ಮುಂದುವರಿಯಿತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ಪರದೆ ಆರಲಿಲ್ಲ. "ಪ್ಲಾಸ್ಟಿಕ್ ತೆಗೆಯದಿದ್ದರೆ ಒಳಗಿನ ಜೀವ ಬೆಂದುಹೋಗುತ್ತದೆ ಮಕ್ಕಳೇ," ಎಂಬ ಮಾತು ಹಜಾರಕ್ಕೂ ಕೇಳಿಸಿತು. ಹಜಾರದಲ್ಲಿ ಪಾತುಮ್ಮ ಇದ್ದರು. ಅವರು ಪರ್ರೆಂದು ಎದ್ದು, ಸೋಫಾವನ್ನೊಮ್ಮೆ ನೋಡಿ, ಮೂಲೆಯಲ್ಲಿ ಉಗುರು ಹಾಕಿದರು.

ಸಮದ್ ಓಡಿ ಬಂದು ಬಾಯಿ ತೆರೆದ. ಒಳಗಿನಿಂದ ಶಮೀನಾ ತುಟಿಯ ಮೇಲೆ ಬೆರಳಿಟ್ಟು ಮೈಕು ತೋರಿಸಿದಳು. ಬಾಯಿ ಮುಚ್ಚಿಕೊಂಡ. ಉಮ್ಮ ಅವಸರವಿಲ್ಲದೆ ಸೋಫಾದ್ದು ಸುಲಿದರು, ರಿಮೋಟಿನದ್ದು ಸುಲಿದರು, ಆಮೇಲೆ ಮಗನ ಕಿವಿಯಲ್ಲಿ ಪಿಸುಗುಟ್ಟಿದರು: "ಫ್ರಿಜ್ಜಿನದ್ದು ಉಗುರಿಗೆ ಬರುದಿಲ್ಲ ಮೋನೆ. ಒಂದು ಚೂರಿ ತಾ."

ಅವನು ಚೂರಿ ತಂದುಕೊಡುವಾಗ ಒಳಗಿನಿಂದ ಕೇಳಿಸಿತು: "ಸೋಮವಾರದಿಂದ ತರಗತಿ ತಗೊಳ್ಳಿ ಟೀಚರ್. ಆ ಪ್ಲಾಸ್ಟಿಕ್ಕನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ."

ಈಗ ಆ ಮನೆಯಲ್ಲಿ ಉಳಿದಿರುವ ಪ್ಲಾಸ್ಟಿಕ್ ಅದೊಂದೇ. ಹೊಸ ತರಗತಿ ಶುರುವಾದಾಗಲೆಲ್ಲ ಶಮೀನಾ ಅದನ್ನು ಎತ್ತಿ ತೋರಿಸುತ್ತಾಳೆ, ಮಕ್ಕಳು "ಜೋಡಿಸಿದ್ದು ಯಾರು?" ಎಂದು ಕೇಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಸಮದನಿಗೆ ಸುಳ್ಯ ಪೇಟೆಯಲ್ಲಿ ಏನೋ ತುರ್ತು ಕೆಲಸ ಇರುತ್ತದೆ.